ನೆಟ್ ಇಲ್ಲದಿದ್ದರೂ ಫೋನ್ ದಾರಿ ತೋರಿಸುತ್ತದೆ: ವಿದೇಶಕ್ಕೆ ಹೊರಟ ಹಿರಿಯರಿಗೆ ಇದನ್ನು ಹೇಳಿಕೊಡಿ

ಮಾನ್ಯ ಸಂಪಾದಕರೇ,

ಮಗಳ ಬಾಣಂತನ, ಮೊಮ್ಮಕ್ಕಳ ಆರೈಕೆ ಅಂತ ಹಾಸನದಿಂದ ಎಷ್ಟೋ ಜನ ತಾಯಂದಿರು ಈಗ ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಕ್ಕೆ ಹೋಗಿ ಬರುತ್ತಾರೆ. ನಮ್ಮ ಬೀದಿಯಲ್ಲೇ ಹಲವರಿದ್ದಾರೆ. ವಾಪಸ್ ಬಂದವರನ್ನು ಊರು ಹೇಗಿತ್ತು ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: 'ನಾನೆಲ್ಲಿ ಹೊರಗೆ ಹೋದೆ? ಶನಿವಾರ, ಭಾನುವಾರ ಮಕ್ಕಳು ಕಾರಲ್ಲಿ ಕರ್ಕೊಂಡು ಹೋದಾಗ ನೋಡಿದ್ದಷ್ಟೇ.' ಕಾಲಲ್ಲಿ ಕಸುವಿಲ್ಲ ಅಂತಲ್ಲ. ದಾರಿ ತಪ್ಪಿದರೆ ಏನು ಗತಿ ಅನ್ನುವ ಭಯ. ಅಲ್ಲಿನ ಭಾಷೆ ಬರಲ್ಲ. ಫೋನಿನಲ್ಲಿ ಅಲ್ಲಿನ ನೆಟ್ ಇರಲ್ಲ. ನೆಟ್ ಇಲ್ಲದೆ ಮ್ಯಾಪ್ ನಡೆಯೋದೇ ಇಲ್ಲ ಅಂತ ನಂಬಿಬಿಟ್ಟಿದ್ದಾರೆ.

ಆ ನಂಬಿಕೆ ಸರಿಯಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು. ವಿಳಾಸ, ಪಿನ್‌ಕೋಡ್, ಮನೆ ನಂಬರ್ ಇವುಗಳ ನಡುವೆಯೇ ಆಯಸ್ಸು ಕಳೆದಿದ್ದೇನೆ. ಮಗಳು ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿದ್ದಾಳೆ. ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡ ಊರು ಅದು, ನಮ್ಮ ದೇಶದವರು ಬೇಕಾದಷ್ಟು ಜನ ಇದ್ದಾರೆ. ಅವಳ ಎರಡನೇ ಹೆರಿಗೆಗೆ ಹೊರಡುವಾಗ ಒಂದು ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದೆ. 'ಆಂಟಿ, ರೋಮಿಂಗ್ ಪ್ಯಾಕ್ ಹಾಕಿಸದೆ ಹೋದ್ರೆ ಫೋನು ಅಲ್ಲಿ ಬರೀ ಡಬ್ಬ' ಅಂದ ಆ ಹುಡುಗ. ಅವನು ಬೇಕಂತ ಸುಳ್ಳು ಹೇಳಲಿಲ್ಲ, ಅವನಿಗೆ ಗೊತ್ತಿದ್ದದ್ದೇ ಅಷ್ಟು. ಆದರೆ ಅವನ ಮಾತು ಕೇಳಿ ಎಷ್ಟು ಜನ ಹೆದರಿ ಮನೆಯೊಳಗೇ ಕೂತಿರಬಹುದು ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ವಿಷಯ ಇಷ್ಟೇ. ನಾವು ಎಲ್ಲಿದ್ದೇವೆ ಅಂತ ಫೋನಿಗೆ ಗೊತ್ತಾಗುವುದು ನೆಟ್‌ನಿಂದ ಅಲ್ಲ, ಆಕಾಶದಿಂದ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತಿರುತ್ತವೆ. ಪ್ರತಿಯೊಂದೂ ತಾನೆಲ್ಲಿದ್ದೇನೆ, ಈಗ ಸಮಯ ಎಷ್ಟು ಅಂತ ಬಿಡದೆ ಸಾರುತ್ತಿರುತ್ತದೆ. ಕಡೇಪಕ್ಷ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಕು, ಅವು ಬಂದು ತಲುಪಿದ ಹೊತ್ತನ್ನು ಹೋಲಿಸಿ ಫೋನು ತನ್ನ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ನಮ್ಮ ಹಾಸನ ಆಕಾಶವಾಣಿಯನ್ನು ರೇಡಿಯೋದಲ್ಲಿ ಕೇಳಿದ ಹಾಗೆ. ಯಾರು ಎಲ್ಲಿ ಕೂತು ಕೇಳುತ್ತಿದ್ದಾರೆ ಅಂತ ನಿಲಯಕ್ಕೆ ಗೊತ್ತಾಗುವುದಿಲ್ಲ, ಕೇಳಿದ್ದಕ್ಕೆ ದುಡ್ಡೂ ಇಲ್ಲ. ಸಿಮ್ ಇಲ್ಲದಿದ್ದರೂ, ಏರೋಪ್ಲೇನ್ ಮೋಡ್ ಹಾಕಿದ್ದರೂ ಈಗಿನ ಬಹುತೇಕ ಫೋನುಗಳಲ್ಲಿ ಇದು ನಡೆಯುತ್ತದೆ. ಲೊಕೇಶನ್ ಮಾತ್ರ ಆನ್ ಇರಬೇಕು.

ನಾವಿರುವ ಜಾಗವನ್ನು ಫೋನು ಪರದೆಯ ಮೇಲೆ ಒಂದು ಚುಕ್ಕೆಯಾಗಿ ತೋರಿಸುತ್ತದೆ. ನೆಟ್ ಬೇಕಾಗುವುದು ಆ ಚುಕ್ಕೆಯ ಅಡಿಯಲ್ಲಿ ಕಾಣುವ ನಕ್ಷೆಗೆ. ನಕ್ಷೆಯನ್ನು ಮನೆಯಲ್ಲೇ ವೈಫೈ ಇರುವಾಗ ಫೋನಿಗೆ ಇಳಿಸಿಕೊಂಡರೆ ಆ ಗೋಜೂ ಮುಗಿಯಿತು.

ಈ ಸೌಲಭ್ಯ ನಮಗೆ ಪುಕ್ಕಟೆಯಾಗಿ ಸಿಕ್ಕಿದ್ದರ ಹಿಂದೆ ಒಂದು ದುಃಖದ ಕತೆ ಇದೆ. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಅದನ್ನು ಹೊಡೆದುರುಳಿಸಿದರು. 269 ಜನ ಸತ್ತರು. ಸೈನ್ಯಕ್ಕೆ ಅಂತ ಕಟ್ಟುತ್ತಿದ್ದ ಜಿಪಿಎಸ್ ಮುಂದೆ ಸಾಮಾನ್ಯ ಜನರಿಗೂ ಉಚಿತವಾಗಿ ಸಿಗುತ್ತದೆ ಅಂತ ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿದ್ದು ಆ ಘಟನೆಯ ನಂತರ. ಆಮೇಲೂ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ಸ್ವಲ್ಪ ತಪ್ಪು ಸೇರಿಸಿರುತ್ತಿದ್ದರು. ಅದನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ. ಈಗ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೇಯ್ಡೌ ಅನ್ನುವ ಇಂಥದೇ ಉಪಗ್ರಹ ವ್ಯವಸ್ಥೆಗಳೂ ಇವೆ, ಹೊಸ ಫೋನುಗಳು ಇವನ್ನೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ.

ನಮ್ಮದೇ ನಾವಿಕ್ ಇದೆ. ಹಾಸನದವರಾಗಿ ಇದನ್ನು ಹೇಳದೆ ಹೇಗಿರಲಿ? ಸಾಲಗಾಮೆ ರಸ್ತೆಯಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಕೇಂದ್ರವನ್ನು, ಊರಿನವರೆಲ್ಲ ಎಂಸಿಎಫ್ ಅನ್ನುವ ಆ ಜಾಗವನ್ನು, ನಾವು ದಿನಾ ನೋಡುತ್ತೇವೆ. ನಾವಿಕ್ ಉಪಗ್ರಹಗಳ ನಿಯಂತ್ರಣವೂ ಅಲ್ಲಿಂದಲೇ ಆಗುತ್ತದೆ. ನಾವಿಕ್ ಅನ್ನು ರೂಪಿಸಿರುವುದು ಭಾರತ ಮತ್ತು ಗಡಿಯಿಂದ ಸುಮಾರು 1,500 ಕಿಲೋಮೀಟರ್‌ವರೆಗಿನ ಪ್ರದೇಶಕ್ಕೆ. ನೇಪಾಳ, ಶ್ರೀಲಂಕಾ ಅದರೊಳಗೆ ಬರುತ್ತವೆ, ಯುರೋಪು ಬರುವುದಿಲ್ಲ. ಆದರೆ ಉಪಗ್ರಹಗಳನ್ನು ಹಿಡಿತದಲ್ಲಿಟ್ಟುಕೊಳ್ಳುವ ಊರಿನ ಅಮ್ಮಂದಿರು ಪರದೇಶದಲ್ಲಿ ದಾರಿ ತಿಳಿಯದೆ ಕಿಟಕಿ ಪಕ್ಕ ಕೂರಬೇಕಾ?

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಪ್ರದೇಶದ ನಕ್ಷೆಯನ್ನು ಇಳಿಸಿಕೊಳ್ಳಬಹುದು ಅಂತ ತುಂಬಾ ಜನಕ್ಕೆ ಗೊತ್ತು. ಆದರೆ ನೆಟ್ ಇಲ್ಲದಾಗ ಅದು ಕಾರಿನ ದಾರಿ ಮಾತ್ರ ಹೇಳುತ್ತದೆ, ನಡೆಯುವ ದಾರಿ ಹೇಳುವುದಿಲ್ಲ ಅಂತ ಅದರ ಸಹಾಯ ಪುಟದಲ್ಲೇ ಬರೆದಿದ್ದಾರೆ. ನಮ್ಮಂಥವರಿಗೆ ಬೇಕಾದದ್ದು ನಡೆಯುವ ದಾರಿ ಅಲ್ವಾ? ಅದಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಅನ್ನುವ ಆ್ಯಪ್‌ಗಳಿವೆ. ಇವುಗಳ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಜಗತ್ತಿನ ಲಕ್ಷಾಂತರ ಜನ ಸಂಬಳವಿಲ್ಲದೆ ತಮ್ಮ ಊರಿನ ರಸ್ತೆ, ಓಣಿ, ಕಾಲುದಾರಿ, ಕುಡಿಯುವ ನೀರಿನ ನಲ್ಲಿಯನ್ನೂ ಗುರುತು ಮಾಡಿ ಕಟ್ಟಿದ್ದು. ನೆದರ್ಲೆಂಡ್ಸ್‌ನಲ್ಲಂತೂ ಪಾರ್ಕಿನ ಬೆಂಚು ಕೂಡ ನಕ್ಷೆಯಲ್ಲಿದೆ. ಹುಡುಕಾಟ, ನಡೆಯುವ ದಾರಿ ಎಲ್ಲವೂ ನೆಟ್ ಇಲ್ಲದೆಯೇ ನಡೆಯುತ್ತವೆ.

ಮಗಳ ಮನೆಯ ಹತ್ತಿರವೇ ಆಮ್‌ಸ್ಟರ್‌ಡ್ಯಾಮ್ಸೆ ಬೋಸ್ ಅನ್ನುವ ದೊಡ್ಡ ಕಾಡಿದೆ. 1930ರ ದಶಕದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಟ್ಟು ನೆಡಿಸಿ ಬೆಳೆಸಿದ್ದಂತೆ. ಅದರೊಳಗೆ ದೋಣಿ ಪಂದ್ಯಕ್ಕೆ ಅಂತ ತೋಡಿದ, ಎರಡು ಕಿಲೋಮೀಟರಿಗಿಂತ ಉದ್ದದ ನೇರ ಕಾಲುವೆ. ಆಚೆಗೆ ಆಡು ಸಾಕುವ ಫಾರ್ಮ್. ಮಕ್ಕಳು ಅಲ್ಲಿ ಆಡಿನ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಬಹುದು. ಹಸುಗೂಸಿನ ಜೊತೆ ಮಗಳು ಮಲಗಿರುವಾಗ ನಾನು ದೊಡ್ಡ ಮೊಮ್ಮಗನನ್ನು ಸ್ಟ್ರೋಲರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. 'ಅಮ್ಮ, ದೂರ ಹೋಗ್ಬೇಡ ಕಣಮ್ಮ' ಅಂತ ಮಗಳು ಮೊದಮೊದಲು ಹೇಳುತ್ತಿದ್ದಳು. ಆಮೇಲೆ 'ಬರ್ತಾ ಕೊತ್ತಂಬರಿ ತಗೊಂಡು ಬಾ' ಅನ್ನುವಷ್ಟು ಧೈರ್ಯ ಅವಳಿಗೂ ಬಂತು.

ಆ ಕಾಡಿನ ದಾರಿಗಳು ಕವಲೊಡೆಯುತ್ತಲೇ ಇರುತ್ತವೆ, ಮರಗಳೆಲ್ಲ ಒಂದೇ ತರಹ. ಕವಲಿನಲ್ಲಿ ನಿಂತು ಫೋನ್ ನೋಡಿದರೆ ಚುಕ್ಕೆ ಸರಿಯಾಗಿರುತ್ತದೆ, ಆದರೆ ಬಾಣದ ಮೂತಿ ಎಲ್ಲಿಗೋ ತಿರುಗಿರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ನಿಂತಿರುವಾಗ ದಿಕ್ಕು ಹೇಳುವುದು ಉಪಗ್ರಹ ಅಲ್ಲ, ಫೋನಿನೊಳಗಿನ ಪುಟ್ಟ ದಿಕ್ಸೂಚಿ. ಹತ್ತಿರದ ಕಬ್ಬಿಣಕ್ಕೆ, ಕವರಿನ ಆಯಸ್ಕಾಂತಕ್ಕೆ ಅದು ಅಡ್ಡಾದಿಡ್ಡಿಯಾಗುತ್ತದೆ. ಹತ್ತು ಹದಿನೈದು ಹೆಜ್ಜೆ ನಡೆಯಿರಿ, ಚುಕ್ಕೆ ಆ್ಯಪ್ ತೋರಿಸುವ ದಾರಿಯ ಗೆರೆಯ ಮೇಲೆ ಬರುತ್ತಿದೆಯಾ, ಗೆರೆ ಬಿಟ್ಟು ಹೋಗುತ್ತಿದೆಯಾ ನೋಡಿ. ಬಿಟ್ಟು ಹೋಗುತ್ತಿದ್ದರೆ ಹಿಂದಕ್ಕೆ ತಿರುಗಿ. ಇದೊಂದು ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ.

ಮನೆಯನ್ನು ಗುರುತು ಮಾಡಿಟ್ಟುಕೊಳ್ಳುವುದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಬಾಗಿಲ ಮುಂದೆ ನಿಂತು ಆ್ಯಪ್‌ನ ನಕ್ಷೆಯಲ್ಲಿ ಒಂದು ಗುರುತು ಹಾಕಿ, 'ಮನೆ' ಅಂತ ಕನ್ನಡದಲ್ಲೇ ಹೆಸರು ಕೊಡಿ. ಅಲ್ಲಿನ ಪೋಸ್ಟ್‌ಕೋಡ್ ಕೂಡ ಬರೆದಿಟ್ಟುಕೊಳ್ಳಿ. ಅಂಚೆಯವಳಾಗಿ ನನಗೆ ನೆದರ್ಲೆಂಡ್ಸ್‌ನ ಪೋಸ್ಟ್‌ಕೋಡ್ ಬಹಳ ಹಿಡಿಸಿತು. ನಾಲ್ಕು ಅಂಕಿ, ಎರಡು ಅಕ್ಷರ, ಜೊತೆಗೆ ಮನೆ ನಂಬರ್, ಇಷ್ಟಿದ್ದರೆ ನೇರ ಆ ಬಾಗಿಲಿಗೇ ಹೋಗಿ ನಿಲ್ಲಬಹುದು. 1972ರ ಆಗಸ್ಟ್ 15ರಂದು ಬಂದ ನಮ್ಮ ಪಿನ್‌ಕೋಡ್ ಅಂಚೆ ಕಚೇರಿಯವರೆಗೆ ಮಾತ್ರ ತಲುಪಿಸುತ್ತದೆ, ಅಲ್ಲಿಂದ ಮುಂದೆ ಪೋಸ್ಟ್‌ಮನ್ನನ ನೆನಪೇ ಗತಿ. 2025ರಲ್ಲಿ ನಮ್ಮ ಇಲಾಖೆ ಡಿಜಿಪಿನ್ ತಂದಿದೆ. ಹತ್ತು ಅಕ್ಷರ ಅಂಕಿಗಳಲ್ಲಿ ಸುಮಾರು ನಾಲ್ಕು ಮೀಟರ್ ಚೌಕವನ್ನೇ ಗುರುತಿಸುವ ವ್ಯವಸ್ಥೆ. ಅದೂ ಬೇಗ ಜನರ ಬಳಕೆಗೆ ಬರಲಿ.

ವಿಮಾನ ಇಳಿದ ತಕ್ಷಣ ಚುಕ್ಕೆ ಸಿಗಲಿಲ್ಲ ಅಂತ ಫೋನನ್ನು ಬೈಯಬೇಡಿ. ಸಾಮಾನ್ಯವಾಗಿ ಯಾವ ಉಪಗ್ರಹ ಎಲ್ಲಿದೆ ಅನ್ನುವ ವಿವರವನ್ನು ಫೋನು ನೆಟ್‌ನಿಂದ ಥಟ್ಟನೆ ತರಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅಲ್ಲಿಂದ ಅದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ನಿಧಾನಕ್ಕೆ ಬರುತ್ತದೆ. ಬಯಲಿಗೆ ಬಂದು, ಆಕಾಶ ಕಾಣುವ ಕಡೆ ಕೆಲವು ನಿಮಿಷ ನಿಲ್ಲಿ. ಇಲ್ಲವೇ ಒಳಗೆ ಏರ್‌ಪೋರ್ಟಿನ ಉಚಿತ ವೈಫೈಗೆ ಒಮ್ಮೆ ಸೇರಿಸಿ. ಆಮ್‌ಸ್ಟರ್‌ಡ್ಯಾಮಿನ ಏರ್‌ಪೋರ್ಟ್ ಇರುವುದೇ ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ. 900 ಮೀಟರಿಗಿಂತ ಎತ್ತರದ ಹಾಸನದಿಂದ ಹೋದವಳಿಗೆ ಅದೇ ದೊಡ್ಡ ಸೋಜಿಗ.

ಕೆಲವು ಮಿತಿಗಳೂ ಇವೆ. ಟ್ರ್ಯಾಮ್ ಎಷ್ಟು ಹೊತ್ತಿಗೆ, ಮುಂದೆ ಟ್ರಾಫಿಕ್ ಇದೆಯಾ, ಇಂಥವು ನೆಟ್ ಇಲ್ಲದೆ ತಿಳಿಯುವುದಿಲ್ಲ. ನೆಲದಡಿಯ ಮೆಟ್ರೋದಲ್ಲಿ ಚುಕ್ಕೆ ನಿಂತುಬಿಡುತ್ತದೆ. ಎತ್ತರದ ಮನೆಗಳ ನಡುವಿನ ಸಂದಿಯಲ್ಲಿ ಪಕ್ಕದ ರಸ್ತೆಗೆ ಹಾರುತ್ತದೆ. ಚೀನಾಕ್ಕೆ ಹೋಗುವವರು ಬೇರೆಯೇ ವಿಚಾರಿಸಿಕೊಳ್ಳಬೇಕು, ಅಲ್ಲಿನ ಅಧಿಕೃತ ನಕ್ಷೆಗಳನ್ನು ಕಾನೂನಿನ ಪ್ರಕಾರ ಬೇಕೆಂದೇ ಸರಿಸಿರುತ್ತಾರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಬೇಕು. ವಿಳಾಸ ಮತ್ತು ಮಕ್ಕಳ ನಂಬರನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳುವುದನ್ನು ಮಾತ್ರ ಬಿಡಬಾರದು. ಪ್ಯಾಕ್ ಹಾಕಿಸದೆ ಹೋಗುವವರು ಡೇಟಾ ರೋಮಿಂಗ್ ಆಫ್ ಇದೆಯಾ ಅಂತ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬಿಲ್ಲು ಏರುತ್ತದೆ. ಯುರೋಪಿನಲ್ಲಿ ಆಪತ್ತಿನ ನಂಬರ್ ನಮ್ಮಲ್ಲಿನ ಹಾಗೇ 112.

ಕಲಿಯಲು ಪರದೇಶಕ್ಕೇ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ನಕ್ಷೆ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್ ಹಾಕಿ, ಬೇಲೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಚುಕ್ಕೆ ಚಲಿಸುವುದನ್ನು ನೋಡಿ. ಇನ್ನೂ ಚೆನ್ನಾಗಿ ತಿಳಿಯಬೇಕಾದರೆ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಹೋಗುವ ರೈಲು ಹತ್ತಿ. ಘಾಟಿಯಲ್ಲಿ ಎಷ್ಟೋ ಕಡೆ ಟವರ್ ಸಿಗಲ್ಲ, ಆದರೂ ಚುಕ್ಕೆ ಸಾಗುತ್ತಲೇ ಇರುತ್ತದೆ. ಸುರಂಗದೊಳಗೆ ಹೊಕ್ಕ ಕೂಡಲೇ ತಡವರಿಸುತ್ತದೆ, ಹೊರಬಂದರೆ ಮತ್ತೆ ಜಾಗ ಹಿಡಿಯುತ್ತದೆ. ಆ ದಾರಿಯಲ್ಲಿ 57 ಸುರಂಗಗಳಿವೆ. ಟವರಿನಿಂದಲ್ಲ, ಆಕಾಶದಿಂದಲೇ ಬರುವುದು ಅಂತ ನನ್ನ ಓರಗಿತ್ತಿಗೆ ಮನವರಿಕೆ ಆದದ್ದು ಆ ರೈಲಿನಲ್ಲೇ.

ಹಳೇಬೀಡಿಗೆ ಬರುವ ವಿದೇಶಿಯರನ್ನು ಗಮನಿಸಿ. ಹೊಯ್ಸಳೇಶ್ವರ ನೋಡಿ, ಫೋನ್ ಕೈಯಲ್ಲಿ ಹಿಡಿದು, ಯಾರನ್ನೂ ಕೇಳದೆ ಬಸ್ತಿಹಳ್ಳಿಯ ಬಸದಿಗಳಿಗೆ, ಕೇದಾರೇಶ್ವರಕ್ಕೆ ನಡೆದೇ ಹೋಗುತ್ತಾರೆ. ಅವರಿಗೆ ನಮ್ಮೂರಲ್ಲಿ ಇರುವ ಧೈರ್ಯ ಅವರೂರಲ್ಲಿ ನಮಗೂ ಇರಬೇಕು.

ಆದ್ದರಿಂದ ನನ್ನ ಕೋರಿಕೆ ಮೂರು. ನಿಮ್ಮ ಪತ್ರಿಕೆಯಲ್ಲಿ ಇದರ ಬಗ್ಗೆ ದೊಡ್ಡ ಅಕ್ಷರದಲ್ಲಿ, ಫೋನಿನ ಪರದೆಯ ಚಿತ್ರಗಳ ಸಮೇತ, ಹಂತ ಹಂತವಾಗಿ ಒಂದು ಪುಟ ಕೊಡಿ. ಕತ್ತರಿಸಿ ಇಟ್ಟುಕೊಳ್ಳುವಂತಿರಲಿ. ಎರಡನೆಯದು ನನ್ನ ಹಳೆಯ ಇಲಾಖೆಗೆ. ನಮ್ಮ ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ವಿದೇಶಕ್ಕೆ ಹೊರಡುವ ಹಿರಿಯರು ಮೊದಲು ಬಂದು ಕೂರುವ ಜಾಗ ಅದು. ಅಲ್ಲಿನ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಪೋಸ್ಟರ್ ಹಾಕಿದರೆ ಖರ್ಚು ಎಷ್ಟು ಆದೀತು? ಸರದಿಗೆ ಕಾಯುವಾಗ ಸುಮ್ನೆ ಕೂರುವ ಬದಲು ಓದಿಕೊಳ್ಳುತ್ತಾರೆ. ಮೂರನೆಯದು ಗ್ರಂಥಾಲಯಕ್ಕೆ. ಜಿಲ್ಲಾ ಕೇಂದ್ರ ಗ್ರಂಥಾಲಯದವರು ಭಾನುವಾರ ಬೆಳಿಗ್ಗೆ ಒಂದು ಮೇಜು, ನಾಲ್ಕು ಕುರ್ಚಿ ಕೊಟ್ಟರೆ, ಫೋನ್ ಹಿಡಿದು ಬಂದವರಿಗೆ ನಕ್ಷೆ ಇಳಿಸಿ, ಹೊರಗೆ ರಸ್ತೆಗೆ ಕರೆದುಕೊಂಡು ಹೋಗಿ ನಡೆಸಿ ತೋರಿಸಲು ನಾನು ತಯಾರಿದ್ದೇನೆ.

ಇತಿ,
ನಿವೃತ್ತ ಅಂಚೆ ನೌಕರೆ,
ಸಾಲಗಾಮೆ ರಸ್ತೆ, ಹಾಸನ