ಮಗ್ಗಕ್ಕಿಂತ ಮೊದಲು ಹಾಸು: ಜವಳಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಜವಳಿ ಸಚಿವರಿಗೆ,

ನಮಸ್ಕಾರಗಳು.

ನೇಕಾರಿಕೆಯ ಆಧುನೀಕರಣ ಎಂದೊಡನೆ ಎಲ್ಲರ ಕಣ್ಣಿಗೆ ಬೀಳುವುದು ಮಗ್ಗ. ಉದ್ಘಾಟನೆಗೆ ಮಗ್ಗ, ಸಹಾಯಧನಕ್ಕೆ ಮಗ್ಗ, ವರದಿಯಲ್ಲಿ ಎಣಿಸುವುದಕ್ಕೂ ಮಗ್ಗವೇ. ಆ ಮಗ್ಗದ ಮೇಲೆ ಏರಬೇಕಾದ ಹಾಸನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಸಾಗುವ ಎಳೆಗಳ ಸಾಲನ್ನು, ಯಾರು ಸುತ್ತುತ್ತಾರೆ, ಎಲ್ಲಿ, ಯಾವ ಯಂತ್ರದಲ್ಲಿ ಎಂದು ಕೇಳುವವರು ಕಡಿಮೆ. ಹಾಸು ಸಿದ್ಧಪಡಿಸುವುದನ್ನೇ ಕಸುಬು ಮಾಡಿಕೊಂಡ ನಾನು ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಸಣ್ಣ ನೇಕಾರರಿಗೆಂದು ಮೀಸಲಿಟ್ಟ ಹಣದಲ್ಲಿ ಇನ್ನಷ್ಟು ಮಗ್ಗ ಕೊಳ್ಳುವ ಮುನ್ನ, ಬಣ್ಣದ ಪಟ್ಟೆಯ ಹಾಸು ಹಾಕಿಕೊಡುವ ಸಾಮೂಹಿಕ ಘಟಕಗಳನ್ನು ಕಟ್ಟಿ.

ಒಂದೇ ಬಣ್ಣದ ಬಟ್ಟೆಗೆ ಹಾಸು ಹಾಕುವುದು ಕಷ್ಟವಲ್ಲ. ನೂರಾರು ಕೋನುಗಳಿಂದ (ನೂಲು ಸುತ್ತಿದ ಶಂಕುವಿನಾಕಾರದ ಉಂಡೆಗಳಿಂದ) ಎಳೆಗಳನ್ನು ಒಟ್ಟಿಗೆ ಎಳೆದು ನೇರವಾಗಿ ಬೀಮು ಎಂಬ ದೊಡ್ಡ ಉರುಳೆಗೆ ಸುತ್ತಿ, ಅಂಥ ಹಲವು ಬೀಮುಗಳನ್ನು ಗಂಜಿ ಹಾಕುವಾಗ ಒಂದಾಗಿಸಿದರೆ ಹಾಸು ಸಿದ್ಧ. ಯಾವ ಎಳೆ ಎಲ್ಲಿ ಬಂದರೂ ಬಟ್ಟೆ ಬಟ್ಟೆಯೇ. ಪಟ್ಟೆ, ಚೌಕಳಿ, ಬಣ್ಣದ ಅಂಚು ಬೇಕೆಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ಪ್ರತಿ ಎಳೆಗೂ ತನ್ನದೇ ಜಾಗವಿದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಸಾಧನ ಯಾವ ಎಳೆಯನ್ನು ಯಾವಾಗ ಎತ್ತಬೇಕೆಂದು ಮಗ್ಗಕ್ಕೆ ಕಲಿಸಿತು, ಅದರ ಹೆಸರು ಇಂದಿಗೂ ಎಲ್ಲರ ಬಾಯಲ್ಲಿದೆ. ಆದರೆ ಎತ್ತಬೇಕಾದ ಆ ಎಳೆ ನೀಲಿಯೋ ಕೆಂಪೋ ಎಂಬುದು ಮಗ್ಗಕ್ಕೆ ಬರುವ ಮೊದಲೇ, ಹಾಸು ಸುತ್ತುವಾಗಲೇ ತೀರ್ಮಾನವಾಗಿರುತ್ತದೆ. ಅದನ್ನು ತಿದ್ದುವುದು ಯಾವ ಜಕಾರ್ಡಿನಿಂದಲೂ ಆಗದು.

ಇದಕ್ಕಾಗಿ ಇರುವುದು ಸೆಕ್ಷನಲ್ ವಾರ್ಪಿಂಗ್ ಯಂತ್ರ. ಕ್ರೀಲ್ ಎಂಬ ಚೌಕಟ್ಟಿನಲ್ಲಿ ಬಣ್ಣದ ಕ್ರಮಕ್ಕೆ ಸರಿಯಾಗಿ ಕೋನುಗಳನ್ನು ನಿಲ್ಲಿಸಿ, ಎಳೆಗಳನ್ನು ಹಣಿಗೆಯ ಮೂಲಕ ತಂದು, ದೊಡ್ಡ ಡ್ರಮ್ಮಿನ ಮೇಲೆ ಪಟ್ಟಿ ಪಟ್ಟಿಯಾಗಿ ಪಕ್ಕಪಕ್ಕದಲ್ಲೇ ಸುತ್ತುತ್ತಾರೆ. ಎಲ್ಲ ಪಟ್ಟಿಗಳೂ ಮುಗಿದ ಮೇಲೆ ಇಡೀ ಹಾಸನ್ನು ಒಮ್ಮೆಗೇ ಡ್ರಮ್ಮಿನಿಂದ ಬೀಮಿಗೆ ಇಳಿಸುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಬೇಕು, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. 160 ಸೆಂಟಿಮೀಟರ್ ಅಗಲದ ಹಾಸು, ಸೆಂಟಿಮೀಟರಿಗೆ 24 ಎಳೆ, ಒಟ್ಟು 3,840 ಎಳೆ ಎಂದಿಟ್ಟುಕೊಳ್ಳಿ. ವಿನ್ಯಾಸದ ಒಂದು ಆವರ್ತನೆಗೆ 48 ಎಳೆ: 16 ನೀಲಿ, 8 ಬಿಳಿ, 4 ಕೆಂಪು, 20 ಬೂದು. ಕ್ರೀಲಿನಲ್ಲಿ 400 ಕೋನಿಗೆ ಜಾಗವಿದ್ದರೂ 400ನ್ನೂ ಬಳಸುವಂತಿಲ್ಲ. ಪಟ್ಟಿಯೊಂದು ಪೂರ್ಣ ಆವರ್ತನೆಗೇ ಮುಗಿಯಬೇಕು, ಇಲ್ಲವಾದರೆ ಎರಡು ಪಟ್ಟಿ ಸೇರುವಲ್ಲಿ ವಿನ್ಯಾಸ ಮುರಿಯುತ್ತದೆ. ಹಾಗಾಗಿ ಎಂಟು ಆವರ್ತನೆ, 384 ಕೋನು. ಪಟ್ಟಿಯ ಅಗಲ 16 ಸೆಂಟಿಮೀಟರ್. ಹತ್ತು ಪಟ್ಟಿ ಸುತ್ತಿದರೆ ಹಾಸು ಪೂರ್ಣ.

ಈಗ ಆ 384ರಲ್ಲಿ ಒಂದೇ ಒಂದು ಕೋನು ತಪ್ಪು ಜಾಗದಲ್ಲಿ ನಿಂತಿತೆಂದುಕೊಳ್ಳಿ. ಬಿಳಿಯ ನಡುವೆ ಒಂದು ಬೂದು. ಬಟ್ಟೆಯ ಅಗಲಕ್ಕೆ 16 ಸೆಂಟಿಮೀಟರಿಗೊಂದರಂತೆ ಹತ್ತು ಕಡೆ ಆ ತಪ್ಪು ಮೂಡುತ್ತದೆ, ಅದೂ ಹಾಸಿನ ಮೊದಲ ಗಜದಿಂದ ಕೊನೆಯ ಗಜದವರೆಗೆ. ನೇಕಾರ ಎಷ್ಟೇ ನಿಪುಣನಾದರೂ ಅದರ ಮುಂದೆ ಅಸಹಾಯಕ. ಆದರೂ ಬಟ್ಟೆ ತಿರಸ್ಕೃತವಾದಾಗ ನಷ್ಟ ಬೀಳುವುದು ಅವನ ತಲೆಯ ಮೇಲೆಯೇ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ, ಕಣ್ಣಿಗೆ ಬೇಗ ಸಿಗದು. ಡ್ರಮ್ಮಿನ ಒಂದು ತುದಿ ಇಳಿಜಾರಾಗಿರುತ್ತದೆ. ಮೊದಲ ಪಟ್ಟಿ ಆ ಇಳಿಜಾರಿಗೆ ಒರಗಿ ಏರುತ್ತದೆ, ಎರಡನೆಯದು ಮೊದಲನೆಯದರ ಇಳಿಜಾರಿಗೆ, ಹೀಗೆ ಕೊನೆಯವರೆಗೆ. ಸುತ್ತು ಸುತ್ತಿಗೂ ಪಟ್ಟಿ ಎಷ್ಟು ಸರಿಯಬೇಕೆಂಬುದು ನೂಲಿನ ದಪ್ಪ, ಎಳೆಗಳ ದಟ್ಟಣೆ, ಬಿಗಿತ ಎಲ್ಲವನ್ನೂ ಅವಲಂಬಿಸಿದೆ. ಈ ಲೆಕ್ಕ ತಪ್ಪಿದರೆ, ಇಲ್ಲವೇ ಒಂದು ಪಟ್ಟಿಗೆ ಬಿಗಿತ ಹೆಚ್ಚಿ ಇನ್ನೊಂದಕ್ಕೆ ಕಡಿಮೆಯಾದರೆ, ಪಟ್ಟಿಗಳ ಎತ್ತರ ಬೇರೆಬೇರೆಯಾಗುತ್ತದೆ. ಡ್ರಮ್ಮಿನ ಸುತ್ತಳತೆ 2.5 ಮೀಟರ್ ಇದ್ದು 1,000 ಮೀಟರ್ ಹಾಸು ಸುತ್ತಿದರೆ ಸುಮಾರು 400 ಸುತ್ತು. ಎರಡು ಪಟ್ಟಿಗಳ ನಡುವಿನ ಎತ್ತರದ ವ್ಯತ್ಯಾಸ ಸುತ್ತು ಸುತ್ತಿಗೂ ಬೆಳೆಯುತ್ತ ಹೋಗಿ ಕೊನೆಗೆ ಬರೀ ಒಂದು ಮಿಲಿಮೀಟರ್ ಆದರೂ, ಉದ್ದದಲ್ಲಿ ಅದು ಸುಮಾರು 1.25 ಮೀಟರಿನಷ್ಟಾಗುತ್ತದೆ. ಬೀಮಿಗೆ ಇಳಿಸಿದ ಮೇಲೆ ಒಂದು ಪಟ್ಟಿ ಬಿಗಿ, ಪಕ್ಕದ್ದು ಸಡಿಲ. ನೇಯ್ದ ಬಟ್ಟೆಯಲ್ಲಿ ಆ ಭಾಗ ಸುಕ್ಕುಸುಕ್ಕಾಗಿ ಅಲೆಯೇಳುತ್ತದೆ. ಹಳೆಯ ಯಂತ್ರಗಳಲ್ಲಿ ಇದನ್ನೆಲ್ಲ ಅನುಭವಿಗಳು ಕೋಷ್ಟಕ ನೋಡಿ, ಬೆರಳಿನಿಂದ ಮುಟ್ಟಿ ಹೊಂದಿಸುತ್ತಾರೆ. ಹೊಸ ಯಂತ್ರಗಳಲ್ಲಿ ಮೊದಲ ಪಟ್ಟಿಯ ಏರಿಕೆಯನ್ನು ಯಂತ್ರವೇ ಅಳೆದು, ಉಳಿದವಕ್ಕೆ ಅದೇ ಅಳತೆಯನ್ನು ಅನ್ವಯಿಸುತ್ತದೆ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಯಂತ್ರಕ್ಕೆ ಈ ಸೌಲಭ್ಯ ಇರಲೇಬೇಕೆಂದು ನನ್ನ ಆಗ್ರಹ. ಅಗ್ಗದ ಯಂತ್ರದಲ್ಲಿ ಉಳಿಸಿದ ಹಣ ಕೆಟ್ಟ ಬಟ್ಟೆಯಲ್ಲಿ ಹೋಗುತ್ತದೆ.

ಸಣ್ಣವರ ಗೋಳು ಬೇರೆಯೇ ಇದೆ. ಮೇಲಿನ ಹಾಸು ಬರೀ 100 ಮೀಟರ್ ಸಾಕು ಎಂದುಕೊಳ್ಳಿ. ನಿಮಿಷಕ್ಕೆ 600 ಮೀಟರ್ ವೇಗದಲ್ಲಿ ಪಟ್ಟಿಯೊಂದಕ್ಕೆ ಹತ್ತು ಸೆಕೆಂಡು, ಹತ್ತು ಪಟ್ಟಿಗೆ ಸುತ್ತುವ ಹೊತ್ತು ಎರಡು ನಿಮಿಷವೂ ಆಗದು. ಆದರೆ ಆ ಎರಡು ನಿಮಿಷಕ್ಕಾಗಿ 384 ಕೋನು ನಿಲ್ಲಿಸಬೇಕು, 384 ಎಳೆಗಳನ್ನು ಒಂದೊಂದಾಗಿ ಹಣಿಗೆಗೆ ಪೋಣಿಸಬೇಕು, ಮುಗಿದ ಮೇಲೆ ಅಷ್ಟೂ ಕೋನಿನಲ್ಲಿ ಉಳಿದ ಬಣ್ಣದ ನೂಲನ್ನು ಏನು ಮಾಡುವುದೆಂದು ಯೋಚಿಸಬೇಕು. ಅದಕ್ಕೇ ದೊಡ್ಡ ಘಟಕಗಳು ಗಿಡ್ಡ ಹಾಸಿನ ಕೆಲಸ ಒಪ್ಪಿಕೊಳ್ಳಲು ಹಿಂದೇಟು ಹಾಕುತ್ತವೆ, ಅವರನ್ನು ದೂರಿ ಪ್ರಯೋಜನವಿಲ್ಲ. ಹೊಸ ವಿನ್ಯಾಸವನ್ನು ಸ್ವಲ್ಪವೇ ನೇಯ್ದು ಪರೀಕ್ಷಿಸಬೇಕೆನ್ನುವ ನೇಕಾರ ಎಲ್ಲಿಗೆ ಹೋಗಬೇಕು? ಕೊನೆಗೆ ಅವನು ಎಲ್ಲರೂ ನೇಯುವ ಸಾದಾ ಬಟ್ಟೆಗೇ ಇಳಿಯುತ್ತಾನೆ, ಅದೇ ಬಟ್ಟೆಯಲ್ಲಿ ಗಿರಣಿಗಳೊಡನೆ ಬೆಲೆಗೆ ಸೆಣಸುತ್ತಾನೆ.

ಇದಕ್ಕೂ ಯಂತ್ರವಿದೆ. ಸ್ಯಾಂಪಲ್ ವಾರ್ಪರ್ ಎನ್ನುತ್ತಾರೆ. ಬಣ್ಣಕ್ಕೊಂದೋ ಎರಡೋ ಕೋನು ಇಟ್ಟರೆ ಸಾಕು. ಕಂಪ್ಯೂಟರಿಗೆ ಕೊಟ್ಟ ವಿನ್ಯಾಸದಂತೆ ಯಂತ್ರ ತಾನೇ ನೂಲು ಆರಿಸಿ, ಒಂದೆರಡು ಅಥವಾ ಕೆಲವು ಎಳೆಗಳನ್ನು ಒಮ್ಮೆಗೆ ಸುತ್ತುತ್ತ ಹೋಗುತ್ತದೆ. 3,840 ಎಳೆ, 100 ಮೀಟರ್ ಅಂದರೆ ಒಟ್ಟು 384 ಕಿಲೋಮೀಟರ್ ನೂಲು. ಮೇಲಿನ ವೇಗದಲ್ಲೇ ಒಂದೊಂದೇ ಎಳೆ ಸುತ್ತಿದರೆ ಹತ್ತೂವರೆ ಗಂಟೆಗೂ ಹೆಚ್ಚು ಬೇಕು, ಎಂಟೆಂಟು ಎಳೆ ಸುತ್ತಿದರೆ 80 ನಿಮಿಷ. ಉದ್ದದ ಹಾಸಿಗೆ ಇದು ನಿಧಾನ, ಗಿಡ್ಡ ಹಾಸಿಗೆ ವರ. ಆದ್ದರಿಂದ ಸಾಮೂಹಿಕ ಘಟಕದಲ್ಲಿ ಎರಡೂ ಇರಲಿ. ಒಂದನ್ನೇ ಕೊಳ್ಳಲು ಸಾಧ್ಯವೆಂದಾದರೆ ಸ್ಯಾಂಪಲ್ ವಾರ್ಪರನ್ನೇ ಆರಿಸಿ ಎಂದು ನನ್ನ ಸಲಹೆ. ಜೊತೆಗೆ ಗಂಜಿಯ ವ್ಯವಸ್ಥೆಯನ್ನೂ ಮರೆಯಬಾರದು: ಒಂಟಿ ಎಳೆಯ ಹತ್ತಿ ನೂಲು ಗಂಜಿಯಿಲ್ಲದೆ ಮಗ್ಗದ ಉಜ್ಜಾಟ ತಾಳುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಹಾಸನ್ನು ಬೀಮಿಗೆ ಇಳಿಸುವಾಗ ತಿರುಗುವ ಬೀಮಿಗೂ ಅದರೊಳಗೆ ಹೋಗುವ ಎಳೆಗಳ ಹಾಳೆಗೂ ನಡುವೆ ಕೈ ಸಿಕ್ಕರೆ ಯಂತ್ರ ಕರುಣೆ ತೋರದು. ಜವಳಿ ಯಂತ್ರಗಳ ಸುರಕ್ಷತೆಗೆ ಐಎಸ್ಒ 11111 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಅದರ ಐದನೇ ಭಾಗ ನೇಯ್ಗೆ ಮತ್ತು ಹೆಣಿಗೆಯ ಪೂರ್ವಸಿದ್ಧತೆಯ ಯಂತ್ರಗಳಿಗೇ ಮೀಸಲು. ಟೆಂಡರಿನಲ್ಲಿ ಅದನ್ನು ಹೆಸರಿಸಿ. ಮನುಷ್ಯ ಹತ್ತಿರ ಬಂದೊಡನೆ ಯಂತ್ರ ನಿಲ್ಲಿಸುವ ಬೆಳಕಿನ ತಡೆಯನ್ನು ಖರ್ಚು ಉಳಿಸಲು ಕೈಬಿಡುವ ಅಧಿಕಾರ ಯಾರಿಗೂ ಇರಬಾರದು.

ಯಂತ್ರ ಬಂದು ಇಳಿದರೆ ಕೆಲಸ ಮುಗಿಯುವುದಿಲ್ಲ. ವಿನ್ಯಾಸದ ಲೆಕ್ಕ ಹಾಕಬಲ್ಲ, ಬಣ್ಣ ಹಾಕಿದ ನೂಲಿಗೂ ಬಿಳಿ ನೂಲಿಗೂ ಬಿಗಿತ ಬೇರೆ ಇಡಬೇಕಾದೀತೆಂದು ಬಲ್ಲ ನಿರ್ವಾಹಕರು ಬೇಕು. ಅವರಿಗೆ ತಿಂಗಳುಗಟ್ಟಲೆ ತರಬೇತಿ ಬೇಕು, ಕಾಯಂ ಸಂಬಳ ಬೇಕು. ಗುತ್ತಿಗೆ ಮುಗಿದು ಅವರು ಹೊರಟುಹೋದರೆ ಕಲಿತದ್ದೆಲ್ಲ ಅವರೊಂದಿಗೇ ಹೋಗುತ್ತದೆ. ಸರದಿಯ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ, ದೊಡ್ಡ ಗಿರಾಕಿ ಬಂದನೆಂದು 100 ಮೀಟರಿನವನನ್ನು ಹಿಂದೆ ತಳ್ಳದಿರಲಿ.

ಕೊನೆಯದಾಗಿ ಒಂದು ಕೋರಿಕೆ. ಯಂತ್ರ ಒಪ್ಪಿಕೊಳ್ಳುವ ದಿನ ಖಾಲಿ ಡ್ರಮ್ ತಿರುಗಿಸಿ ತೋರಿಸಿದ್ದನ್ನು ನಂಬಿ ಸಹಿ ಹಾಕಬೇಡಿ. ನಾಲ್ಕು ಬಣ್ಣದ ಪೂರ್ಣ ಹಾಸೊಂದನ್ನು ಅಲ್ಲೇ ಸುತ್ತಿಸಿ, ಬೀಮಿಗೆ ಇಳಿಸಿ, ಮಗ್ಗಕ್ಕೇರಿಸಿ ನೇಯಿಸಿ. ಆ ಬಟ್ಟೆಯನ್ನು ನೋಡಿ ಹೌದು ಅಥವಾ ಇಲ್ಲ ಎನ್ನುವ ಸಮಿತಿಯಲ್ಲಿ ಒಬ್ಬ ನೇಕಾರನೂ ಹಾಸು ಹಾಕುವ ಒಬ್ಬ ಕೆಲಸಗಾರನೂ ಇರಲಿ, ಅವರ ಒಪ್ಪಿಗೆಯಿಲ್ಲದೆ ಬಿಲ್ಲು ಪಾವತಿಯಾಗದಿರಲಿ.

ಇಂತಿ ತಮ್ಮ ವಿಶ್ವಾಸಿ,
ಹಾಸು ಹಾಕುವ ಒಬ್ಬ ಕೆಲಸಗಾರ