ಮಗಳಿಗೊಂದು ಪತ್ರ: ಟ್ರಂಕಿನಲ್ಲಿದ್ದ ಕಾಗದ

ದಾವಣಗೆರೆ

ಪುಟ್ಟೀ,

ಈ ಪತ್ರವನ್ನು ನಿನ್ನ ಸೂಟ್‌ಕೇಸಿನಲ್ಲಿ, ಶೇಂಗಾ ಚಟ್ನಿಪುಡಿ ಪೊಟ್ಟಣದ ಕೆಳಗೆ ಇಡುತ್ತಿದ್ದೇನೆ. ನಿಮ್ಮವ್ವ ತುಪ್ಪದ ಡಬ್ಬಿ ಎರಡು ಸಲ ಒಳಗಿಟ್ಟಳು, ಎರಡು ಸಲವೂ ನಾನು ತೆಗೆದೆ. ಹೊರದೇಶದಿಂದ ಹಾಲು, ಬೆಣ್ಣೆ, ತುಪ್ಪ ತರುವಂತಿಲ್ಲ ಅಂತ ಯುರೋಪಿನವರ ನಿಯಮ. ಬೆಣ್ಣೆ ದೋಸೆ ಊರಿನ ಹುಡುಗಿಗೇ ಬೆಣ್ಣೆ ಇಲ್ಲ, ನೋಡು! ನರ್ಗಿಸ್ ಮಂಡಕ್ಕಿ ಮಾತ್ರ ಧಾರಾಳವಾಗಿ ತುಂಬಿದ್ದೇನೆ. ತೂಕ ಇಲ್ಲ ಅದಕ್ಕೆ.

ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಜರ್ಮನಿಗೆ ಓದೋಕಾ, ಕೆಲಸಕ್ಕಾ ಅಂತ. ಎರಡೂ ಅಂದರೆ ನಂಬುವುದಿಲ್ಲ. ನೀನು ಹೇಳಿಕೊಟ್ಟ 'ಔಸ್‌ಬಿಲ್ಡುಂಗ್' ನನ್ನ ಬಾಯಲ್ಲಿ ಹೊರಳುವುದೂ ಇಲ್ಲ. ಸುಮ್ನೆ, ಐಟಿಐ ಮತ್ತು ಅಪ್ರೆಂಟಿಸ್ ಒಟ್ಟಿಗೆ ಮಾಡಿದ ಹಾಗೆ ಅನ್ನುತ್ತೇನೆ. ನರ್ಸಿಂಗ್ ತರಬೇತಿ, ಮೂರು ವರ್ಷದಲ್ಲಿ 2,100 ಗಂಟೆ ಪಾಠ, 2,500 ಗಂಟೆ ರೋಗಿಗಳ ಹತ್ತಿರ ಕೆಲಸ, ತಿಂಗಳು ತಿಂಗಳು ಸಂಬಳ. "ಮುದುಕರ ಮೈ ತೊಳೆಯೋಕೆ ಅಷ್ಟು ದೂರ ಹೋಗಬೇಕಾ?" ಅಂದರು ನಿಮ್ಮ ದೊಡ್ಡಪ್ಪ. ಅಜ್ಜಿ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಅವರು ಒಂದು ದಿನ ಬೆಡ್‌ಪ್ಯಾನ್ ಮುಟ್ಟಲಿಲ್ಲ. ನೀನು ದಿನಾ ಎತ್ತಿದೆ. ನಾನು ಅವರಿಗೆ ಉತ್ತರ ಕೊಡಲಿಲ್ಲ, ಇನ್ನೊಂದು ಲೋಟ ಚಹಾ ಕೊಟ್ಟೆ.

ನಿನಗೆ ಹೇಳದೇ ಇದ್ದ ಮಾತೊಂದಿದೆ. ಐಟಿಐ ಫಿಟ್ಟರ್ ಮುಗಿಸಿ ನಾನೂ ಒಂದು ಕಡೆ ಅಪ್ರೆಂಟಿಸ್ ಸೇರಿದ್ದೆ. ಏಳು ತಿಂಗಳು ಮೇಸ್ತ್ರಿ ನನಗೆ ಲೇತ್ ಮುಟ್ಟಲು ಬಿಡಲಿಲ್ಲ. ಕಬ್ಬಿಣದ ಚೂರು ಗುಡಿಸು, ಚಹಾ ತಾ, ಇಷ್ಟೇ. ಒಂದು ಮಧ್ಯಾಹ್ನ ಚಹಾ ಆರಿದೆ ಅಂತ ಎಲ್ಲರ ಮುಂದೆ ಬೈದ. ಕೆಟಲನ್ನು ಅಲ್ಲೇ ಲೇತ್ ಮೇಲಿಟ್ಟು ಸೈಕಲ್ ಹತ್ತಿ ಮನೆಗೆ ಬಂದೆ. ಆವತ್ತು ಗೆದ್ದೆ ಅನ್ನಿಸಿತ್ತು. ಸರ್ಟಿಫಿಕೇಟ್ ಮಾತ್ರ ಬರಲಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇತ್ತು. ನಾನು ಸಹಿ ಹಾಕಿದ ಒಪ್ಪಂದ ಟ್ರಂಕಿನಲ್ಲೇ ಇತ್ತು. ಯಾರಿಗೆ ದೂರು ಕೊಡಬಹುದು ಅಂತ ಕೇಳಲೂ ಇಲ್ಲ, ಅದನ್ನು ಬಿಡಿಸಿ ಓದಲೂ ಇಲ್ಲ.

ನಾನು ಬಿಟ್ಟಾಗ ಕೆಲಸ ಹೋಯಿತು, ಊರು ಇತ್ತು. ನಿನ್ನದು ಹಾಗಲ್ಲ. ಅಲ್ಲಿ ಇರಲು ಕೊಡುವ ಪರವಾನಗಿಯೇ ಈ ತರಬೇತಿಗೆ ಅಂತ. ತರಬೇತಿ ನಿಂತರೆ ಅದೂ ಅಲ್ಲಾಡುತ್ತದೆ. ಮೊದಲ ಆರು ತಿಂಗಳು ಪ್ರೊಬೇಷನ್ ಬೇರೆ, ಆಗ ನೀನಾಗಲಿ, ತರಬೇತಿ ಕೊಡುವವರಾಗಲಿ ಯಾರು ಬೇಕಾದರೂ ಕೈಬಿಡಬಹುದು. ಆದರೆ ಇದನ್ನು ಕೇಳಿ ಹೆದರಿ ಎಲ್ಲಾ ನುಂಗಿಕೊಂಡು ಇರಬೇಡ. ನಿನ್ನ ತಪ್ಪಿಲ್ಲದೆ ತರಬೇತಿ ನಿಂತರೆ, ಪರವಾನಗಿ ಕಿತ್ತುಕೊಳ್ಳುವ ಮೊದಲು ಬೇರೆ ಜಾಗ ಹುಡುಕಲು ಆರು ತಿಂಗಳವರೆಗೆ ಅವಕಾಶ ಕೊಡಬೇಕು ಅಂತ ಅಲ್ಲಿನ ಕಾನೂನಿನಲ್ಲೇ ಇದೆ. ಸಿಟ್ಟಿನಲ್ಲಿ ನೀನೇ ರಾಜೀನಾಮೆ ಬರೆದುಕೊಟ್ಟರೆ ಆ ಮಾತು ಬೇರೆಯಾಗುತ್ತದೆ, ಅಲ್ವಾ? ಸಿಟ್ಟು ಬಂದ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡ. ಮೊದಲು ನನಗೆ ಫೋನ್ ಮಾಡು, ಆಮೇಲೆ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ಹೋಗಿ ಕೇಳು. ರಾತ್ರಿ ಎರಡು ಗಂಟೆಯಾದರೂ ಎತ್ತುತ್ತೇನೆ.

ರೂಮಿಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮರೆಯಬೇಡ. ವೀಸಾ ಮುಗಿಯುವ ಮೊದಲೇ ಪರವಾನಗಿಗೆ ಅರ್ಜಿ ಹಾಕು. ವಾರಕ್ಕೆ 20 ಗಂಟೆ ಬೇರೆ ಕೆಲಸಕ್ಕೂ ಬಿಡುತ್ತಾರಂತೆ. ಮೊದಲ ವರ್ಷ ಅದು ಬೇಡ. ಇಲ್ಲಿನ ಸಾಲದ ಚಿಂತೆ ನನಗಿರಲಿ.

ನಿನ್ನ ಒಪ್ಪಂದದ ಒಂದು ಝೆರಾಕ್ಸ್ ನನ್ನ ಟ್ರಂಕಿನಲ್ಲಿಟ್ಟಿದ್ದೇನೆ, ನನ್ನ ಹಳೆಯದರ ಮೇಲೆ. ಜರ್ಮನ್ ಒಂದಕ್ಷರ ಬರದು. ಆದರೂ ನಿನ್ನೆ ರಾತ್ರಿ ನಾಲ್ಕೂ ಪುಟ ಬೆರಳಿಟ್ಟು ನೋಡಿದೆ. ನಿನ್ನ ಹೆಸರು ಆರು ಕಡೆ ಇದೆ.

ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಂತೆ ಮಾಡಿಕೊ. ಮಂಡಕ್ಕಿಯನ್ನು ಹೋದ ತಕ್ಷಣ ಡಬ್ಬಿಗೆ ಹಾಕು, ಮೆತ್ತಗಾಗುತ್ತೆ.

ನಿನ್ನ ಅಪ್ಪ