ಹೆಸರು ಕೇಳಲಾಗದ ಅಕ್ಕನಿಗೆ

ಗಂಟಲಲ್ಲಿ ಗಂಟಾಗಿ ಹಾಡು ನಿಂತಾಗ ಕಥೆ ಬರೆಯತೊಡಗಿದೆ. ಬರೆಯುತ್ತಾ ಪಾತ್ರಗಳ ಉಡುಪಿನ ವರ್ಣನೆಯೇ ಕಥೆಗಿಂತ ಉದ್ದವಾಯಿತು! ಕೊನೆಗೆ ಹೊಲಿಗೆ ಮೆಷಿನ್ ಕೊಂಡೆ.

ನನ್ನ ಉಡುಪುಗಳ ಮೊದಲ ಪ್ರದರ್ಶನದ ಮುನ್ನಾದಿನ ನಾನು ಹೊಲಿದ ಲಂಗ ಹಲಗೆಯಂತೆ ಸೆಟೆದು ನಿಂತಿತ್ತು. ಬಟ್ಟೆ ಅಂಗಡಿಯಲ್ಲಿ ಪಕ್ಕದಲ್ಲಿದ್ದ ನೀವು ಅದನ್ನು ಎಳೆದು ನೋಡಿ, "ನೇರಕ್ಕೆ ಕತ್ತರಿಸಿದ್ದೀಯಲ್ಲಮ್ಮ, ಕ್ರಾಸ್ ಹಾಕು" ಎಂದಿರಿ. ಅಂದರೆ, ಬಟ್ಟೆಯ ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ನೇಯ್ದ ಬಟ್ಟೆಯೂ ಹಿಗ್ಗುತ್ತದೆ, ಮೈಗೆ ಒಲಿದು ಬೀಳುತ್ತದೆ. ರಾತ್ರಿಯಿಡೀ ನೇತುಹಾಕಿ, ಜೋತುಬಿದ್ದ ಅಂಚನ್ನು ಬೆಳಿಗ್ಗೆ ಸಮ ಮಾಡಬೇಕೆಂದೂ ಹೇಳಿದಿರಿ. (ಪುಸ್ತಕದಲ್ಲಿ ಓದಿದ್ದೆ, ತಲೆಗೆ ಹೋಗಿರಲಿಲ್ಲ.)

ಮರುದಿನ, ಹೊಸ ಬಟ್ಟೆಯನ್ನು ಹಾಗೆ ಕತ್ತರಿಸಿ ಹೊಲಿದ ಲಂಗ ಆಲಾಪದಂತೆ ತೇಲಿತು. ಅಂದು ಅಂಗಡಿಯಲ್ಲಿ ಆ ಬಟ್ಟೆಗೆ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಧನ್ಯವಾದ, ಅಕ್ಕಾ.